ದೇವರ ದನಿ ಕೇಳಿಸದ ದಿನಗಳು

"ದಿನಾ ಪ್ರಾರ್ಥನೆ ಮಾಡ್ತೀನಿ ಅಜ್ಜಿ, ದೇವರಿಗೆ ಕೇಳಿಸುತ್ತಾ?" ಭಾನುವಾರದ ಪೂಜೆ ಮುಗಿಸಿ ಬರುವಾಗ ಮಕ್ಕಳು ಇಂಥ ಪ್ರಶ್ನೆ ಹಾಕಿಬಿಡುತ್ತಾರೆ. "ಹಾಗೆಲ್ಲ ಕೇಳಬಾರದು, ಪಾಪ ಬರುತ್ತೆ" ಎಂದು ಬಾಯಿ ಮುಚ್ಚಿಸುವ ಹಿರಿಯರೂ ಇದ್ದಾರೆ. ನನಗಂತೂ ಆ ಉತ್ತರ ಹಿಡಿಸದು. ಮದರ್ ತೆರೇಸಾ ಅವರನ್ನೂ ಇದೇ ಸಂಶಯ ಕಾಡಿತ್ತು.

ಹೌದು ಮಕ್ಕಳೇ, ನೀಲಿ ಅಂಚಿನ ಬಿಳಿ ಸೀರೆಯ ಅದೇ ಮದರ್. 1910ರಲ್ಲಿ ಸ್ಕೋಪಿಯೆ ಎಂಬ ಊರಲ್ಲಿ ಹುಟ್ಟಿದವರು. ಸನ್ಯಾಸಿನಿಯಾಗಲು ಹದಿನೆಂಟಕ್ಕೇ ಮನೆ ಬಿಟ್ಟು, 1929ರಲ್ಲಿ ಭಾರತಕ್ಕೆ ಬಂದರು. ಕಲ್ಕತ್ತದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೊರಟಿದ್ದಾಗ, ಕಡುಬಡವರ ಸೇವೆಗೆ ಯೇಸುಸ್ವಾಮಿ ತಮ್ಮನ್ನು ಕರೆಯುತ್ತಿದ್ದಾರೆಂದು ರೈಲಿನಲ್ಲೇ ಅವರಿಗೆ ಸ್ಪಷ್ಟವಾಯಿತು. ಎರಡು ವರ್ಷ ಕಾದು, ಅನುಮತಿ ಪಡೆದು, ಕಾನ್ವೆಂಟು ಬಿಟ್ಟು ಕೊಳೆಗೇರಿಗೆ ನಡೆದರು.

ವಿಚಿತ್ರ ನೋಡಿ, ಕೆಲಸ ಶುರುವಾದ ಮೇಲೆ ಆ ದನಿಯೇ ನಿಂತುಹೋಯಿತು. ಮೊಣಕಾಲೂರಿದರೆ ಒಳಗೆಲ್ಲ ಖಾಲಿ. ದೇವರು ನಿಜಕ್ಕೂ ಇದ್ದಾರೆಯೇ ಎನ್ನುವಷ್ಟು ಕತ್ತಲೆ. 1958ರಲ್ಲಿ ಕೆಲವು ವಾರ ಬಿಟ್ಟರೆ, ಸುಮಾರು ಐವತ್ತು ವರ್ಷ ಹೀಗೇ! ಜೊತೆಗಿದ್ದ ಸಿಸ್ಟರುಗಳಿಗೂ ಗೊತ್ತಾಗಲಿಲ್ಲ. ಅವರು ನೋಡಿದ್ದು ಮದರ್ ನಗುವನ್ನು ಮಾತ್ರ. ಒಳಗಿನ ಸಂಕಟವನ್ನು ಕೆಲವೇ ಗುರುಗಳಿಗೆ ಪತ್ರದಲ್ಲಿ ತೋಡಿಕೊಂಡರು. ಆ ಪತ್ರಗಳನ್ನು ನಾಶಮಾಡಿ ಎಂದೂ ಕೇಳಿಕೊಂಡಿದ್ದರು. ಅವು ಉಳಿದುಕೊಂಡು 2007ರಲ್ಲಿ ಪುಸ್ತಕವಾದಾಗ ಲೋಕಕ್ಕೆಲ್ಲ ವ್ಯಾಪಕವಾಗಿ ತಿಳಿಯಿತು.

ಹಾಗಾದರೆ ಅಷ್ಟು ವರ್ಷ ಅವರು ಮಾಡಿದ್ದೇನು? ಬೆಳಕು ಹರಿಯುವ ಮೊದಲೇ ಎದ್ದು ಎಲ್ಲರೊಂದಿಗೆ ಪ್ರಾರ್ಥನೆಗೆ ಕೂರುತ್ತಿದ್ದರು. ಮನಸ್ಸಿಗೆ ಹಿತವಾದರೂ ಸರಿ, ಆಗದಿದ್ದರೂ ಸರಿ. ಆಮೇಲೆ ಕೆಲಸ. 1952ರಲ್ಲಿ ಕಾಳಿಘಾಟಿನಲ್ಲಿ ತೆರೆದ ಮನೆಯಲ್ಲಿ, ಬೀದಿಯಲ್ಲಿ ಸಾಯುತ್ತಿದ್ದವರನ್ನು ತಂದು ಮಲಗಿಸಿ, ಮೈ ತೊಳೆದು, ಗಂಜಿ ಕುಡಿಸಬೇಕಿತ್ತಲ್ಲ! ಹಸಿದವರಲ್ಲಿ ಯೇಸುಸ್ವಾಮಿಯನ್ನೇ ಕಾಣಬೇಕೆಂಬುದು ಅವರ ನಿಲುವು. ಒಳಗೆ ಕಾಣದಿದ್ದವರನ್ನು ಹೊರಗೆ ಹುಡುಕುವುದನ್ನು ಅವರು ಬಿಡಲಿಲ್ಲ.

ಫಾದರ್ ಜೋಸೆಫ್ ನಾಯ್ನರ್ ಎಂಬ ಯೇಸುಸಭೆಯ ಗುರುಗಳು ಅವರಿಗೆ ಧೈರ್ಯ ತುಂಬಿದರು: ಈ ಕತ್ತಲೆ ನಿಮ್ಮ ತಪ್ಪಲ್ಲ, ದೇವರಿಗಾಗಿ ಇಷ್ಟೊಂದು ಹಂಬಲಿಸುತ್ತಿದ್ದೀರಲ್ಲ, ಅದೇ ದೇವರು ಜೊತೆಗಿರುವ ಗುರುತು ಎಂದು. ಕತ್ತಲೆ ಹೋಗಲಿಲ್ಲ. ಮದರ್ ಅದರ ಜೊತೆಗೇ ಬಾಳಲು ಕಲಿತರು.

ಅಜ್ಜಿ ತಾತಂದಿರೇ, ಜಪಸರ ಕೈಯಲ್ಲಿದ್ದೂ ಮನಸ್ಸು ಬರಿದಾಗಿದ್ದ ದಿನಗಳು ನಿಮಗೂ ಬಂದಿರಬಹುದು. ಮೊಮ್ಮಕ್ಕಳಿಗೆ ಅದನ್ನೂ ಹೇಳಿ. ಅಂದಹಾಗೆ, ಆ ಪತ್ರಗಳ ವಿಷಯ ಚರ್ಚಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ 2016ರಲ್ಲಿ ಅವರನ್ನು ಸಂತರೆಂದು ಸಾರಿತು.