ರುಜು ಹಾಕಿದವರಿಗೆ ಹಿಂಜರಿಕೆ ಏಕೆ?

ಅಂಗವಿಕಲರಿಗೆ ಕಾಸು ಕೊಟ್ಟರೆ ಪುಣ್ಯವೆಂದು ನಮ್ಮ ಸಮಾಜ ಬಹುಕಾಲದಿಂದ ನಂಬಿದೆ. ಪುಣ್ಯವೇನೋ ಕೊಟ್ಟವನ ಪಾಲಿಗೆ; ಪಡೆದವನಿಗೆ ಉಳಿಯುವುದು ಚಾಚಿದ ಕೈ ಮಾತ್ರ. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ. ಅಂಗವಿಕಲನು ದಯೆಗೆ ಪಾತ್ರನಲ್ಲ, ಹಕ್ಕಿಗೆ ಬಾಧ್ಯನು. ಅವನನ್ನು ತಡೆದಿರುವುದು ಅವನ ಕಾಲಿಗಿಂತ ಹೆಚ್ಚಾಗಿ ನಾವು ಕಟ್ಟಿದ ಮೆಟ್ಟಿಲು ಎಂಬುದೇ ಅದರ ಸಾರ.

ರುಜುವಿಗೆ ತೆರೆದ ಮೊದಲ ದಿನವೇ, ಎಂದರೆ 2007ರ ಮಾರ್ಚ್ 30ರಂದು, ಭಾರತ ಅದಕ್ಕೆ ರುಜು ಹಾಕಿತು. ಅದೇ ಅಕ್ಟೋಬರಿನಲ್ಲಿ ಸ್ಥಿರೀಕರಿಸಿತು. ಆ ಹೊಣೆಯ ಫಲವಾಗಿಯೇ 2016ರ ಕಾಯಿದೆ ಬಂದಿತು. ಕಾಯಿದೆ ಗುರುತಿಸುವ ವೈಕಲ್ಯಗಳು 7ರಿಂದ 21ಕ್ಕೆ ಏರಿದವು. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಶೇಕಡ 3ರಿಂದ 4 ಆಯಿತು. ಸರ್ಕಾರ ಹಂಚುವ ಜಮೀನು, ಮನೆಗಳಲ್ಲಿ ಶೇಕಡ 5 ಪಾಲು ನಿಗದಿಯಾಯಿತು. ಹೊರಗಿನ ಒಡಂಬಡಿಕೆಯಿಂದ ಒಳಗಿನ ಬಡವನಿಗೇನು ಲಾಭವೆಂದು ಕೇಳುವವರಿಗೆ ಇದೇ ಉತ್ತರ.

ಆದರೆ ಕಾಗದ ಬೇರೆ, ಕಾರ್ಯ ಬೇರೆ. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರಿಗೆ ಸುಗಮವಾಗಬೇಕೆಂದು ಕಾಯಿದೆ ವಿಧಿಸಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲೇ ತೀರಿತು. ಆ ನಿಯಮವೂ ಕಡ್ಡಾಯವಾಗಿರದೆ ಬರಿಯ ಸಲಹೆಯ ಸ್ವರೂಪದ್ದೆಂದು ಕಂಡು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಿಂಧುವೆಂದು ಸಾರಬೇಕಾಯಿತು. ಕೇಂದ್ರದ ಪಿಂಚಣಿಯ ಕಥೆಯೂ ಹೀಗೆಯೇ. ಶೇಕಡ 80 ವೈಕಲ್ಯವಿರುವ ಕಡುಬಡವರಿಗೆ ಕೇಂದ್ರ 2012ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 300 ರೂಪಾಯಿ. 2011ರ ಜನಗಣತಿಯಂತೆ ದೇಶದ ಅಂಗವಿಕಲರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಮೇಲು. ಇಷ್ಟು ಜನರ ಬಾಳು ಅಧಿಕಾರಿಗಳ ಮರ್ಜಿಗೆ ಬಿಟ್ಟ ವಿಷಯವೇ?

ಇಲ್ಲಿಯೇ ಮುಖ್ಯ ಪ್ರಶ್ನೆ ಏಳುತ್ತದೆ. ಒಡಂಬಡಿಕೆಯ ಜೊತೆಗೇ ಒಂದು ಪೂರಕ ಕರಾರೂ ಅಂಗೀಕೃತವಾಯಿತು. ತನ್ನ ದೇಶದಲ್ಲಿ ನ್ಯಾಯ ದೊರೆಯದ ವ್ಯಕ್ತಿ, 18 ಸದಸ್ಯರ ಅಂತರರಾಷ್ಟ್ರೀಯ ಸಮಿತಿಗೆ ನೇರವಾಗಿ ದೂರು ಕೊಡಬಹುದೆಂಬುದು ಅದರ ತಿರುಳು. ಮೊದಲ ದಿನವೇ ಒಡಂಬಡಿಕೆಗೆ ರುಜು ಹಾಕಿದ ಭಾರತ ಈ ಕರಾರನ್ನು ಮಾತ್ರ ಒಪ್ಪಿಲ್ಲ.

ಹೊರಗಿನವರು ನಮ್ಮನ್ನು ವಿಚಾರಿಸುವುದು ಸಾರ್ವಭೌಮತ್ವಕ್ಕೆ ಕುಂದೆಂದು ಕೆಲವರ ವಾದ. 2012ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಇದೇ ಅಳುಕನ್ನು ಮುಂದೊಡ್ಡಿ ಮೂಲ ಒಡಂಬಡಿಕೆಯನ್ನೇ ತಡೆದರು. 61 ಮತಗಳು ಪರವಾಗಿದ್ದರೂ ಮೂರನೆಯ ಎರಡು ಪಾಲು ಆಗಲಿಲ್ಲ. ಈ ವಾದದಲ್ಲಿ ಹುರುಳಿಲ್ಲ. ದೇಶದೊಳಗಿನ ಪರಿಹಾರ ಮಾರ್ಗಗಳೆಲ್ಲ ಮುಗಿದ ಮೇಲಷ್ಟೇ ಸಮಿತಿ ದೂರನ್ನು ಎತ್ತಿಕೊಳ್ಳುತ್ತದೆ. ಅದಕ್ಕೆ ಪೊಲೀಸಿಲ್ಲ, ಜೈಲಿಲ್ಲ. ಅದು ಹೇಳುವುದು ಅಭಿಪ್ರಾಯ ಮಾತ್ರ. ಬಂಡವಾಳಕ್ಕಾಗಿ ಪರದೇಶಗಳೊಡನೆ ಕರಾರು ಮಾಡಿಕೊಳ್ಳುವಾಗ ಕುಂದದ ಸಾರ್ವಭೌಮತ್ವ, ಕುರುಡಿ ಹೆಣ್ಣುಮಗಳೊಬ್ಬಳು ಅರ್ಜಿ ಬರೆದರೆ ಕುಂದುವುದೇ?

ಸರ್ಕಾರ ಪೂರಕ ಕರಾರನ್ನು ಒಪ್ಪಲೇಬೇಕು. ಪಿಂಚಣಿಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಬೇಕು. ಜಿನೀವಾ ದೂರವಿದೆ, ಗ್ರಾಮಸಭೆ ಹತ್ತಿರವಿದೆ. ಶೇಕಡ 5ರ ಪಾಲು ಯಾರಿಗೆ ಸೇರಿತೆಂದು ಅಲ್ಲಿ ಲೆಕ್ಕ ಕೇಳುವುದು ನಮ್ಮ ಪ್ರತಿಯೊಬ್ಬ ಕಾರ್ಯಕರ್ತನ ಕೆಲಸ. ಆ ಸಭೆಗೆ ಅಂಗವಿಕಲರನ್ನು ಕರೆತನ್ನಿ. ಅವರ ಪರವಾಗಿ ಮಾತನಾಡುವ ಮುನ್ನ ಅವರೇ ಮಾತನಾಡಲಿ.