ಹಾಜರಿ ಬರೆಯೋರು ಯಾರು?



ನಮ್ಮವ್ವ ಕೆರೆ ಹೂಳು ತೆಗೆಯೋಕೆ ಹೋಗಿದ್ದಳು. ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಇನ್ನೊಂದು. ಅವತ್ತು ಮಧ್ಯಾಹ್ನ ಸಿಗ್ನಲ್ ಇಲ್ಲ, ಫೋಟೋ ಏರಲಿಲ್ಲ. ಮಣ್ಣು ಮಾತ್ರ ಏರಿ ಮೇಲೆ ಬಿದ್ದಿತ್ತು. ಕೂಲಿ ಬರಲಿಲ್ಲ. "ಮಣ್ಣು ಅಲ್ಲೇ ಐತಲ್ಲಪ್ಪಾ, ಬಂದು ನೋಡ್ರಿ" ಅಂದಳು. "ಸಿಸ್ಟಮ್ಮಲ್ಲಿ ಇಲ್ಲಮ್ಮ" ಅಂದರು. ಬಿ.ಎ. ಓದಿದ ಮಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಕಟ್ಟಿಹೋಗಿತ್ತು.

ಶಾನುಭೋಗರ ವಂಶಪಾರಂಪರ್ಯ ಹುದ್ದೆಯನ್ನು 1961ರ ಕಾಯ್ದೆ ತೆಗೆಯಿತು. ಅವರ ಲೆಕ್ಕದ ಪುಸ್ತಕ ಈಗ ಫೋನಿನೊಳಗೆ ಬಂದು ಕೂತಿದೆ. ನಮ್ಮಜ್ಜನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ನನಗೆ ಬರುತ್ತದೆ, ಆದರೆ "ನಾನು ಬಂದಿದ್ದೆ" ಎಂದು ಅವ್ವ ಬರೆಸಲು ಅದರಲ್ಲಿ ಜಾಗವೇ ಇರಲಿಲ್ಲ.

ಉದ್ಯೋಗ ಖಾತ್ರಿಯ ಸಾಮೂಹಿಕ ಕಾಮಗಾರಿಗಳಿಗೆ 2023ರ ಜನವರಿ 1ರಿಂದ ಈ ಆ್ಯಪ್ ಹಾಜರಿ ಕಡ್ಡಾಯವಾಯಿತು. ಕಳ್ಳ ಹಾಜರಿ ತಡೆಯೋಕೆ ಅಂತೆ. ಕಳ್ಳ ಹಾಜರಿ ಬರೆದು ಜೆಸಿಬಿ ಓಡಿಸಿದವರು ಯಾರು, ನಮ್ಮವ್ವನಾ? ಕೂಲಿಕಾರರು ಆ ವರ್ಷ ದಿಲ್ಲಿಯಲ್ಲಿ ಧರಣಿ ಕೂತು ಬೇಡವೆಂದರು. 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿತು: ಸಂಬಂಧವಿಲ್ಲದ ಫೋಟೋ, ಫೋಟೋದ ಫೋಟೋ ಏರಿಸುತ್ತಿದ್ದಾರೆಂದು. ಕಳ್ಳ ದಾರಿ ಹುಡುಕಿಕೊಂಡ. ಸಿಕ್ಕಿಬಿದ್ದವಳು ಬೆವರು ಸುರಿಸಿದವಳು. ಡಿಸೆಂಬರಿನಲ್ಲಿ ಕಾಯ್ದೆಯನ್ನೇ ಬದಲಿಸಿದರು. ಅದಕ್ಕೂ ನಮ್ಮ ಕೇರಿಗೆ ಬಂದು ಕೇಳಿದವರಿಲ್ಲ.

"ಹಂಗಾದ್ರೆ ಕಂಪ್ಯೂಟರೇ ಬೇಡವೇನಯ್ಯ?" ಎಂದರು ನಮ್ಮ ಮೇಷ್ಟ್ರು. ಬೇಡ ಅಂದೋರು ಯಾರು ಸಾರ್? ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ 1970ರ ದಶಕದ ಮೊದಲಲ್ಲೇ ಕ್ರಿಸ್ಟೆನ್ ನ್ಯುಗೋರ್ಡ್ ಎಂಬ ಕಂಪ್ಯೂಟರ್ ವಿಜ್ಞಾನಿಯನ್ನು ಜತೆಗಿಟ್ಟುಕೊಂಡು ಕಾರ್ಖಾನೆಯ ಕಂಪ್ಯೂಟರನ್ನು ಕಾರ್ಮಿಕರ ಕಣ್ಣಿನಿಂದ ಅಭ್ಯಾಸ ಮಾಡಿತು. ಯಂತ್ರ ಬರುವ ಮುನ್ನ ತಿಳಿಯುವ ಮಾತಿನಲ್ಲಿ ಹೇಳಬೇಕು, ಅದರ ಮೇಲೆ ಕಣ್ಣಿಡಲು ನಮ್ಮವನನ್ನು ನಾವೇ ಆರಿಸುತ್ತೇವೆ, ಇದು 1975ರಲ್ಲಿ ಅಲ್ಲಿ ಮಾಲೀಕರ ಜತೆ ಒಪ್ಪಂದವಾಯಿತು.

ಅಷ್ಟು ದೂರ ಯಾಕೆ? ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಹಾಜರಿಪಟ್ಟಿಯನ್ನು ಬಯಲಲ್ಲಿ, ಊರವರ ಮುಂದೆ ಗಟ್ಟಿಯಾಗಿ ಓದಿಸಿದರು. 2019ರಲ್ಲಿ ಅಲ್ಲಿನ ಸರ್ಕಾರ ಜನ ಸೂಚನಾ ಪೋರ್ಟಲ್ ಕಟ್ಟುವಾಗ ಏನು ಕಾಣಬೇಕು, ಹೇಗೆ ಕಾಣಬೇಕು ಎಂಬ ಮಾತುಕತೆಗೆ ಇಂಥ ಸಂಘಟನೆಗಳೂ ಕೂತಿದ್ದವು.

ಅವ್ವನನ್ನು ಕೇಳಿದೆ: ನೀನಾದರೆ ಏನು ಬರೆಸ್ತಿದ್ದೆ?

"ಎಷ್ಟು ಬಾಂಡ್ಲಿ ಹೊತ್ವಿ, ಕುಡಿಯೋಕೆ ನೀರಿತ್ತಾ, ದುಡ್ಡು ಯಾವತ್ತು ಬಂತು. ಬರದ್ಮೇಲೆ ಎಲ್ರ ಮುಂದೆ ಒಂದ್ಸಲ ಓದ್ಲಿ."

ಗ್ರಾಮಸಭೆಗೆ ಹಾಗೇ ಬರೆದುಕೊಟ್ಟಿದ್ದೇವೆ. ಹೆಬ್ಬೆಟ್ಟು ಅವಳದು, ಅಕ್ಷರ ನನ್ನದು.