ಅಕೇಶಿಯಾವನ್ನು ಕಾಡೆಂದು ಎಣಿಸುವವರೆಗೆ ಮಲೆನಾಡಿಗೆ ಕಾಡು ಮರಳದು

ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಯಾವ ಜಾಗದಲ್ಲಾದರೂ ಮರದ ನೆತ್ತಿಗಳು ನೆಲದ ಶೇ 10ರಷ್ಟನ್ನು ಮುಚ್ಚಿದ್ದರೆ ಸಾಕು, ಆ ಜಾಗ ಯಾರದ್ದು, ಅಲ್ಲಿರುವ ಮರ ಯಾವುದು ಎಂದು ಕೇಳದೆ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅದನ್ನು ಅರಣ್ಯ ಹೊದಿಕೆಗೆ ಸೇರಿಸುತ್ತದೆ. ಸೊರಬ, ಸಾಗರ ಸೀಮೆಯ ಕಾನುಗಳು, ಅಂದರೆ ಊರವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಿತ್ಯಹರಿದ್ವರ್ಣ ಕಾಡುಗಳು, ಮತ್ತು ಕಾಗದದ ತಿರುಳಿಗಾಗಿ ಸಾಲುಸಾಲಾಗಿ ನೆಟ್ಟ ಅಕೇಶಿಯಾ ನೆಡುತೋಪುಗಳು ಈ ಅಳತೆಗೋಲಿನ ಮುಂದೆ ಸರಿಸಮಾನ. ಅರಣ್ಯ ಪುನಶ್ಚೇತನದ ಹೆಸರಿನಲ್ಲಿ ಈಗ ನಡೆಯುತ್ತಿರುವ ಅನ್ಯಾಯದ ಬೇರು ಈ ಶೇ 10ರಲ್ಲಿದೆ.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ (ಎಂಪಿಎಂ) ಇಂಥ ನೆಡುತೋಪಿಗಾಗಿ 1980ರಲ್ಲಿ ಕೊಟ್ಟ ಅರಣ್ಯ ನೆಲದ 40 ವರ್ಷಗಳ ಗುತ್ತಿಗೆ 2020ರಲ್ಲಿ ಮುಗಿದಾಗ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆಗಿದ್ದವು. ಆದರೂ ಸರ್ಕಾರ ಸುಮಾರು 20 ಸಾವಿರ ಹೆಕ್ಟೇರ್ ನೆಲವನ್ನು ಮತ್ತೆ 40 ವರ್ಷಕ್ಕೆ ಅದರ ಕೈಗೇ ಒಪ್ಪಿಸಿತು. ನೆಡುತೋಪು ಬರಡು ಗುಡ್ಡಗಳಿಗೆ ಹಸಿರು ತಂದಿದೆಯೆಂದು ವಾದಿಸುವವರು ಆ ಹಸಿರಿನ ಬುಡದಲ್ಲಿ ಏನಿದೆಯೆಂದು ಬಗ್ಗಿ ನೋಡುವುದಿಲ್ಲ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿ ಮೂಲದ ಅಕೇಶಿಯಾದ ಗಟ್ಟಿ ಎಲೆ ಬೇಗ ಕೊಳೆಯದೆ ರಾಶಿ ಬಿದ್ದು ಬೇಸಿಗೆಯ ಬೆಂಕಿಗೆ ಉರುವಲಾಗುತ್ತದೆ, ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು ಮರ ಕಡಿದ ಮೇಲೆ, ಬೆಂಕಿ ಬಿದ್ದ ಮೇಲೆ ಇನ್ನಷ್ಟು ದಟ್ಟವಾಗಿ ಮೇಲೇಳುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಅಡುಗೆಗೆ ವಾಟೆ, ಮುರುಗಲು, ಉಪ್ಪಾಗೆ ಕೊಡುತ್ತಿದ್ದ ಬೆಟ್ಟಗಳಿಂದ ಈಗ ಊರಿಗೆ ಸಿಗುವುದು ಏನೂ ಇಲ್ಲ. ಇದೇ ಕಾರಣಕ್ಕೆ 1987ರಲ್ಲಿ ಕುಸನೂರು ಎಂಬ ಹಳ್ಳಿಯ ಜನ ಇಂಥದೇ ನೆಡುತೋಪಿನ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ಊರಿನ ನೆಲದಲ್ಲಿ ಯಾರಿಗೆ ಬೇಕಾದ ಗಿಡ ಬೆಳೆಯಬೇಕು ಎಂದು ಅವರು ಎತ್ತಿದ ಪ್ರಶ್ನೆಗೆ ಯಾವ ಸರ್ಕಾರವೂ ನೇರ ಉತ್ತರ ಕೊಟ್ಟಿಲ್ಲ.

ಮುಚ್ಚಿದ ಕಾರ್ಖಾನೆಗೆ ಇಷ್ಟು ಉದಾರವಾದ ಆಡಳಿತ ಅದೇ ಗುಡ್ಡದ ಅಂಚಿನಲ್ಲಿ ಬದುಕುವ ಬಡವರ ವಿಷಯದಲ್ಲಿ ಕಲ್ಲಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿದ್ದಕ್ಕೆ ಸಾಕ್ಷ್ಯ ಒದಗಿಸಬೇಕು. ತುಂಡು ನೆಲಕ್ಕೆ ಮೂರು ತಲೆಮಾರಿನ ಪುರಾವೆ ಕೇಳುವವರು ಸಾವಿರಾರು ಹೆಕ್ಟೇರನ್ನು ಒಂದೂವರೆ ತಲೆಮಾರಿಗೂ ಹೆಚ್ಚು ಕಾಲ ಕಂಪನಿಗೆ ಬರೆದುಕೊಡುವುದು ಮಲೆನಾಡಿನ ಜನರಿಗೆ ಮಾಡಿದ ಅವಮಾನ.

ಪುನಶ್ಚೇತನದ ಯೋಜನೆಯೆಂದರೆ ಗುಂಡಿ ಮತ್ತು ಸಸಿಗಳ ಲೆಕ್ಕವಲ್ಲ. ಆ ನೆಲದಲ್ಲಿ ಮೊದಲು ಏನಿತ್ತು, ಹತ್ತಿರದಲ್ಲಿ ಕೆಡದೆ ಉಳಿದ ಅಂಥದೇ ತುಣುಕು ಎಲ್ಲಿದೆ ಎಂದು ಗುರುತಿಸಿ, ಆ ತುಣುಕನ್ನು ಮಾದರಿ ಪರಿಸರವಾಗಿ, ಅಂದರೆ ತಲುಪಬೇಕಾದ ಸ್ಥಿತಿಯ ಅಳತೆಯಾಗಿ, ಇಟ್ಟುಕೊಳ್ಳುವುದು ಅದರ ಮೊದಲ ಕೆಲಸ. ಮತ್ತಿ, ಹೊನ್ನೆ, ನಂದಿಗಳ ಹಳೆಯ ಬೊಡ್ಡೆ ಚಿಗುರುವಲ್ಲಿ ದನ ಮತ್ತು ಬೆಂಕಿಯಿಂದ ಕಾದರೆ ಕಾಡು ತಾನೇ ಬೆಳೆಯುತ್ತದೆ. ಅಕೇಶಿಯಾ ದಟ್ಟವಾಗಿರುವಲ್ಲಿ ಅದನ್ನು ಒಮ್ಮೆಲೇ ಬೋಳಿಸದೆ ಪಟ್ಟಿಪಟ್ಟಿಯಾಗಿ ತೆಗೆದು, ನೆರಳು ಬೇಡುವ ಸ್ಥಳೀಯ ಸಸಿಗಳನ್ನು ಅದರ ಆಸರೆಯಲ್ಲೇ ಎಬ್ಬಿಸಬೇಕಾಗುತ್ತದೆ. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಬಿಡುವುದೂ ಪುನಶ್ಚೇತನವೇ. ಕೃಷ್ಣಮೃಗಗಳ ರಾಣೆಬೆನ್ನೂರಿನ ಬಯಲಿಗೆ ನೀಲಗಿರಿ ತುಂಬಿದವರಿಗೆ ಇದು ತಿಳಿದಿರಲಿಲ್ಲ.

2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳುಬಿದ್ದ ಭೂಮಿಯನ್ನು ಸರಿಪಡಿಸುವುದಾಗಿ ಭಾರತ 2019ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ, ಮತ್ತು ಅದೇ ಶೇ 10ರ ಅಳತೆಯಲ್ಲಿ ಆ ಮಾತನ್ನು ಒಂದೂ ಕಾಡುಮರ ನೆಡದೆ ಪೂರೈಸಿದಂತೆ ತೋರಿಸಬಹುದು. ಎಂಪಿಎಂ ಗುತ್ತಿಗೆ ನಾಳೆಯೇ ರದ್ದಾಗಿ ನೆಲ ಅರಣ್ಯ ಇಲಾಖೆಗೆ ಮರಳಿದರೂ, ಇಲಾಖೆಯ ಕಾರ್ಯಯೋಜನೆಯಲ್ಲಿ ನೆತ್ತಿಯ ಜೊತೆಗೆ ಮರದ ಜಾತಿಯನ್ನೂ ತಾನಾಗಿ ಹುಟ್ಟಿದ ಸಸಿಗಳನ್ನೂ ದಾಖಲಿಸುವುದು ಕಡ್ಡಾಯವಾಗದಿದ್ದರೆ, ಮುಂದಿನ ಮಳೆಗಾಲಕ್ಕೆ ಅಲ್ಲಿ ಏಳುವುದು ಮತ್ತೆ ಅಕೇಶಿಯಾವೇ.